ಕುದುರೆ, ಕೊಟ್ಟಿಗೆ ಮತ್ತು ಮನಸ್ಸಿನ ಆರೋಗ್ಯ

(ದೋಣಿಗಲ್‌ನ ಆರೋಗ್ಯ ಶಿಬಿರದಲ್ಲಿ ರೋಗಿಗಳು ಹಾಗೂ ಅವರ ಮನೆಯವರನ್ನು ಉದ್ದೇಶಿಸಿ ಮಾಡಿದ ಭಾಷಣ)



ಮೈಗೆ ಜ್ವರ ಬಂದರೆ ಊರಿಗೆಲ್ಲ ಹೇಳುತ್ತೇವೆ. ಮನಸ್ಸಿಗೆ ಬೇಸರ ಹಿಡಿದು ತಿಂಗಳಾದರೂ ಪಕ್ಕದ ಮನೆಗೂ ಹೇಳುವುದಿಲ್ಲ. ನಮ್ಮ ಕಡೆ ಮನೆಗಳು ದೂರ ದೂರ. ಮಳೆ ಹಿಡಿದರೆ ಮಾತನಾಡಿಸಲೂ ಜನ ಸಿಗುವುದಿಲ್ಲ. ಆದ್ದರಿಂದ ಮಾತ್ರೆಯ ಜೊತೆಗೆ ಮನಸ್ಸಿಗೆ ನೆರವಾಗುವ ಎರಡು ಸಂಗತಿಗಳನ್ನು ಇಂದು ಹೇಳುತ್ತೇನೆ. ಒಂದು ಪ್ರಾಣಿಯ ಒಡನಾಟ, ಇನ್ನೊಂದು ಸುತ್ತಲಿನ ಪರಿಸರ.

ಡೆನ್ಮಾರ್ಕ್ ದೇಶದ ಲಿಸ್ ಹಾರ್ಟೆಲ್ ಎಂಬ ಮಹಿಳೆಗೆ 1944ರಲ್ಲಿ ಪೋಲಿಯೋ ತಗುಲಿತು. ಮೊಣಕಾಲಿನ ಕೆಳಗೆ ಶಕ್ತಿ ಮರಳಲಿಲ್ಲ. ಕುದುರೆ ಹತ್ತಲು, ಇಳಿಯಲು ಬೇರೆಯವರು ಹಿಡಿಯಬೇಕಿತ್ತು. ಆದರೂ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಕುದುರೆ ಸವಾರಿಯಲ್ಲಿ ಆಕೆ ಬೆಳ್ಳಿ ಪದಕ ಗೆದ್ದರು. ಆ ಬಳಿಕ ಕುದುರೆಯನ್ನು ಚಿಕಿತ್ಸೆಗೆ ಬಳಸುವ ಕ್ರಮ ಹಲವು ದೇಶಗಳಿಗೆ ಹಬ್ಬಿತು. ಈಗ ಮಾನಸಿಕ ಆಘಾತಕ್ಕೆ ಒಳಗಾದವರಿಗೂ ಇದನ್ನು ಬಳಸುತ್ತಾರೆ. ಇದೊಂದರಿಂದಲೇ ಕಾಯಿಲೆ ವಾಸಿಯಾಗುತ್ತದೆ ಎನ್ನಲು ಆಧಾರವಿಲ್ಲ. ಚಿಕಿತ್ಸೆಯ ಜೊತೆಗೆ ನೆರವಾಗಬಹುದು, ಅಷ್ಟೆ.

ಹೇಗೆ ನೆರವಾಗುತ್ತದೆ? ಕುದುರೆ ಹುಲ್ಲು ತಿನ್ನುವ, ಬೇಗ ಬೆದರುವ ಪ್ರಾಣಿ. ಎದುರಿಗಿದ್ದವರ ಮುಖ, ದನಿ, ಕೈಯ ಚಲನೆಯನ್ನು ಸದಾ ಗಮನಿಸುತ್ತದೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 28 ಕುದುರೆಗಳಿಗೆ ನಗುಮುಖದ ಮತ್ತು ಸಿಟ್ಟಿನ ಮುಖದ ಫೋಟೋ ತೋರಿಸಿ ನೋಡಿ, ಫಲಿತಾಂಶವನ್ನು 2016ರಲ್ಲಿ ಪ್ರಕಟಿಸಿದರು. ಸಿಟ್ಟಿನ ಮುಖ ಕಂಡಾಗ ಎದೆಬಡಿತ ಬೇಗ ಏರಿತ್ತು. ಅಂದಮೇಲೆ ಕುದುರೆಯ ಬಳಿ ಹೋಗುವವನು ತಾನೇ ಮೊದಲು ಶಾಂತನಾಗಬೇಕು. ಅದರ ಮೈ ಉಜ್ಜಬೇಕು, ಹೊತ್ತಿಗೆ ನೀರು ಕೊಡಬೇಕು. ಹೀಗೆ ದಿನಕ್ಕೊಂದು ಕ್ರಮ ಬರುತ್ತದೆ. ಮೇಲಾಗಿ, ನಿನ್ನ ಸಾಲ ಎಷ್ಟು, ಮದುವೆ ಯಾಕಾಗಲಿಲ್ಲ ಎಂದು ಅದು ಕೇಳುವುದಿಲ್ಲ.

ದೋಣಿಗಲ್‌ನಲ್ಲಿ ಕುದುರೆ ಎಲ್ಲಿಂದ ತರೋಣ ಎಂದು ನೀವು ಕೇಳಬಹುದು. ತರುವುದು ಬೇಡ. ಕೊಟ್ಟಿಗೆಯಲ್ಲಿ ಹಸು ಇದೆ, ಕರು ಇದೆ. ಅವಕ್ಕೂ ನಮ್ಮ ದನಿ, ಕೈ ಗುರುತು ಸಿಗುತ್ತದೆ.

ಮನೆಯವರು ಇಲ್ಲಿ ಒಂದು ತಪ್ಪು ಮಾಡುತ್ತೇವೆ. “ಪಾಪ, ಹುಷಾರಿಲ್ಲ, ಮಲಗಲಿ” ಎಂದು ರೋಗಿಯಿಂದ ಎಲ್ಲ ಕೆಲಸವನ್ನೂ ಕಸಿದುಕೊಳ್ಳುತ್ತೇವೆ. ಆತ ತಾನು ಯಾರಿಗೂ ಬೇಡವಾದವನು ಎಂದುಕೊಳ್ಳುತ್ತಾನೆ. ಬೇಸರ ಹೋದಮೇಲೆ ಕೆಲಸ ಮಾಡೋಣ ಎಂದು ಕಾಯಬಾರದು. ಸಣ್ಣ ಕೆಲಸ ಶುರುವಾದರೆ ಬೇಸರವೂ ಸಡಿಲವಾಗುತ್ತಾ ಬರುತ್ತದೆ. ಕರುವಿಗೆ ಹುಲ್ಲು ಹಾಕುವುದು ನಿನ್ನ ಪಾಲು ಎನ್ನಿ. ಒಂದು ದಿನ ಆಗದಿದ್ದರೆ ಗದರಬೇಡಿ. ಮಂಪರು ತರುವ ಮಾತ್ರೆ ತೆಗೆದುಕೊಳ್ಳುವವರನ್ನು ಮಾತ್ರ ಮೆಣಸು ಕೊಯ್ಯಲು ಏಣಿ ಹತ್ತಿಸಬೇಡಿ.

ಇನ್ನು ಪರಿಸರ. ಅಮೆರಿಕದ ರೋಜರ್ ಉಲ್ರಿಚ್ 1984ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ, ಕಿಟಕಿಯಿಂದ ಮರ ಕಾಣುತ್ತಿದ್ದ 23 ಮಂದಿಯನ್ನು ಇಟ್ಟಿಗೆ ಗೋಡೆ ಮಾತ್ರ ಕಾಣುತ್ತಿದ್ದ 23 ಮಂದಿಯೊಂದಿಗೆ ಹೋಲಿಸಿದರು. ಮರ ಕಂಡವರು ಬೇಗ ಮನೆಗೆ ಹೋಗಿದ್ದರು, ಬಲವಾದ ನೋವಿನ ಔಷಧಿಯೂ ಕಡಿಮೆ ಬೇಕಾಗಿತ್ತು. ರೋಗಿಯ ಹಾಸಿಗೆಯನ್ನು ಕತ್ತಲೆ ಕೋಣೆಯಿಂದ ಕಿಟಕಿಯ ಬಳಿಗೆ ತನ್ನಿ. ಇದಕ್ಕೆ ಖರ್ಚಿಲ್ಲ.

ಆದರೆ ಹಸಿರು ಇದ್ದ ಮಾತ್ರಕ್ಕೆ ಮನಸ್ಸು ಹಗುರಾಗುವುದಿಲ್ಲ ಎಂಬುದು ನಿಮಗೇ ಗೊತ್ತು. ಪ್ರವಾಸಿಗರಿಗೆ ಚೆಂದ ಕಾಣುವ ತೋಟ ನಮಗೆ ದುಡಿಮೆಯ ಜಾಗ. ಸಕಲೇಶಪುರ, ಆಲೂರು ಕಡೆ ಆನೆಯ ಭಯವೂ ಇದೆ. ಆದ್ದರಿಂದ ಬೆಳಕಿರುವಾಗ, ಜೊತೆಗೊಬ್ಬರು ಇದ್ದು ನಡೆದಾಡಿ. ಆನೆ ಬಂದ ಸುದ್ದಿ ಇದ್ದರೆ ಅಂಗಳದಲ್ಲೇ ಸುತ್ತಾಡಿದರೂ ಸಾಕು.

ಕೊನೆಯದಾಗಿ, ಹಗುರಾಯಿತೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ತೋಟಕ್ಕೆ ತಂದ ಕೀಟನಾಶಕವನ್ನು ಬೀಗ ಹಾಕಿಡಿ. “ಬದುಕಿ ಏನು ಪ್ರಯೋಜನ” ಎಂಬ ಮಾತು ಮನೆಯಲ್ಲಿ ಕೇಳಿಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಅವರನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆತನ್ನಿ. ರಾತ್ರಿಯಾಗಿದ್ದರೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಈ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ.

ನಾಳೆ ಬೆಳಿಗ್ಗೆ ಕೊಟ್ಟಿಗೆಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ.