ಕಣ್ಣು ಮಂಜಾದರೂ ಓದು ನಿಲ್ಲದಿರಲಿ



ಮನೆ ಭೇಟಿಗೆ ಹೋದಲ್ಲೆಲ್ಲ ನಮಗೆ ಒಂದೇ ಪ್ರಶ್ನೆ: "ಸಿಸ್ಟರ್, ಪುಸ್ತಕ ಕೇಳಲಿಕ್ಕೆ ಯಾವ ಯಂತ್ರ ತೆಗೆದುಕೊಳ್ಳುವುದು?" ಯಂತ್ರಕ್ಕಿಂತ ಮೊದಲು ಕೇಳುವವರನ್ನು ನೋಡಿ ಅಂತ ನಾವು ಹೇಳುತ್ತೇವೆ.

ಕಾಲೇಜಿಗೆ ಹೋಗುವವರಿಗೆ ಕೈಯಲ್ಲಿರುವ ಆಂಡ್ರಾಯ್ಡ್ ಮೊಬೈಲೇ ಸಾಕಾದೀತು. ಅದರಲ್ಲಿ ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಉಂಟು, ಕನ್ನಡದ ಧ್ವನಿಯೂ ಸಿಗುತ್ತದೆ. ಆದರೆ ಬೆರಳು ನಡುಗುವ ಅಜ್ಜ, ಅಜ್ಜಿಯರಿಗೆ ನುಣುಪಾದ ಗಾಜು ಕಷ್ಟ. ಅವರಿಗೆ ಮುಟ್ಟಿದರೆ ಗೊತ್ತಾಗುವ ಗುಂಡಿಗಳಿರುವ ಡೈಸಿ ಪ್ಲೇಯರ್ ಒಳ್ಳೆಯದು. ಡೈಸಿ ಪುಸ್ತಕದಲ್ಲಿ ಬೇಕಾದ ಅಧ್ಯಾಯಕ್ಕೆ ನೇರ ಹೋಗಬಹುದು, ನಿಲ್ಲಿಸಿದಲ್ಲಿಂದ ಮುಂದುವರಿಸಬಹುದು.

ಕೊಳ್ಳುವ ಮೊದಲು ಅವರ ಕೈಗೇ ಕೊಡಿ. ಯಾರ ಸಹಾಯವೂ ಇಲ್ಲದೆ ಪುಸ್ತಕ ಹುಡುಕಲಿಕ್ಕೆ, ನಿಲ್ಲಿಸಲಿಕ್ಕೆ ಆಗುತ್ತದಾ? ಸ್ಟೇಟ್‌ಬ್ಯಾಂಕ್ ಬಸ್ಸಿನ ಗಲಾಟೆಯಲ್ಲಿ ಇಯರ್‌ಫೋನ್ ಹಾಕಿದರೆ ಕೇಳಿಸುತ್ತದಾ? ರಸ್ತೆ ದಾಟುವಾಗ ಮಾತ್ರ ಅದನ್ನು ತೆಗೆಯಲೇಬೇಕು. ಅಲ್ಲಿ ದಾರಿ ತೋರಿಸುವುದು ಕಿವಿಯೇ.

ಪುಸ್ತಕ ಎಲ್ಲಿಂದ? 2016ರಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯ ಎಂಬ ಅಂತರ್ಜಾಲ ಗ್ರಂಥಾಲಯ ಉಂಟು. "ನಮ್ಮ ಮಗ ಪೂರ್ತಿ ಕುರುಡನಲ್ಲವಲ್ಲ" ಅಂತ ಸಂಕೋಚಪಡಬೇಡಿ. ಅಚ್ಚಿನ ಅಕ್ಷರ ಓದಲಾಗದ ಮಂದದೃಷ್ಟಿಯವರಿಗೂ ಅದು ತೆರೆದಿದೆ. 2012ರ ಕೃತಿಸ್ವಾಮ್ಯ ತಿದ್ದುಪಡಿ ಕಾನೂನಿನ ದಾರಿಯನ್ನೂ ಸುಗಮ ಮಾಡಿದೆ.

ಇನ್ನೊಬ್ಬರಿಗೆ ಪುರುಸೊತ್ತಾಗುವ ತನಕ ಕಾಯದೆ, ತನಗೆ ಬೇಕಾದ್ದನ್ನು ಬೇಕಾದಾಗ ತಾನೇ ಓದುವುದು, ಅದೇ ಅವರ ಸ್ವಾಭಿಮಾನ. ಅದಕ್ಕೆ ನಾವೆಲ್ಲ ಜೊತೆಯಾಗೋಣ.