ಮನೆಯಲ್ಲಿ ಮೊದಲು ಕಾಲೇಜು ಕಾಣುವವರು

(ಸಂಘದ ವಾರ್ಷಿಕ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮುಂಬಯಿಯ ಕನ್ನಡ ಸಂಘದಲ್ಲಿ ‘ಮೊದಲ ತಲೆಮಾರು’ ಎಂದೊಡನೆ ನಮಗೆ ನೆನಪಾಗುವವರು ಊರು ಬಿಟ್ಟು ಬಂದು ಇಲ್ಲಿ ಬೇರೂರಿದ ಹಿರಿಯರು. ಅಮೆರಿಕದ ಕಾಲೇಜುಗಳಲ್ಲಿ ಈ ಮಾತಿಗೆ ಬೇರೆಯೇ ಅರ್ಥವಿದೆ. ತಂದೆತಾಯಿಯರಲ್ಲಿ ಯಾರೊಬ್ಬರೂ ಪದವೀಧರರಲ್ಲದ ಮನೆಯ ವಿದ್ಯಾರ್ಥಿಯನ್ನು ಅಲ್ಲಿ ಮೊದಲ ತಲೆಮಾರಿನವರೆಂದು ಕರೆಯುತ್ತಾರೆ. 1980ರಲ್ಲಿ ಅಲ್ಲಿನ ಉನ್ನತ ಶಿಕ್ಷಣ ಕಾಯಿದೆಯ ತಿದ್ದುಪಡಿಯಲ್ಲಿಯೇ ಈ ವ್ಯಾಖ್ಯೆ ಸ್ಥಾನ ಪಡೆಯಿತು. ಈ ಲೆಕ್ಕದಲ್ಲಿ ನ್ಯೂಜೆರ್ಸಿಯಲ್ಲಿ ನೆಲೆಸಿರುವ ನಮ್ಮ ಎಂಜಿನಿಯರ್ ಬಂಧುವಿನ ಮಗ ಮೊದಲ ತಲೆಮಾರಿನವನಾಗುವುದಿಲ್ಲ, ಇಲ್ಲಿ ಹೋಟೆಲಿನ ಗಲ್ಲೆಯಲ್ಲಿ ಕುಳಿತವರ ಮಗಳು ಆಗುತ್ತಾಳೆ.

ಅಂತಹ ಮಗಳೊಬ್ಬಳೇ ಇಂದಿನ ನನ್ನ ಮಾತಿಗೆ ಕಾರಣ. ಕಳೆದ ಮಳೆಗಾಲದಲ್ಲಿ ನಮ್ಮ ಸದಸ್ಯರೊಬ್ಬರು ಹನ್ನೆರಡನೆಯ ತರಗತಿಗೆ ಕಾಲಿಟ್ಟ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. “ಸಾರ್, ಇವಳು ಅಮೆರಿಕದ ಯಾವುದೋ ಕಾಲೇಜು ಅಂತಾಳೆ. ವರ್ಷಕ್ಕೆ ತೊಂಬತ್ತು ಸಾವಿರ ಡಾಲರಂತೆ. ಸ್ವಲ್ಪ ಬುದ್ಧಿ ಹೇಳಿ” ಎಂದರು. ಬುದ್ಧಿ ಹೇಳುವ ಮೊದಲು ನಾನೇ ಓದಿ ತಿಳಿಯಬೇಕಾಯಿತು.

ಅವಳು ಹೇಳಿದ್ದು ಲಿಬರಲ್ ಆರ್ಟ್ಸ್ ಕಾಲೇಜುಗಳನ್ನು ಕುರಿತು. ಹೆಸರು ಕೇಳಿ ನಮ್ಮ ಕಲಾ ವಿಭಾಗವೆಂದು ತಿಳಿಯಬಾರದು. ಗಣಿತ, ಭೌತಶಾಸ್ತ್ರ, ಅರ್ಥಶಾಸ್ತ್ರ, ಸಂಗೀತಗಳೆಲ್ಲವೂ ಅಲ್ಲುಂಟು. ಮ್ಯಾಸಚೂಸೆಟ್ಸಿನ ವಿಲಿಯಮ್ಸ್ ಮತ್ತು ಆಮ್‌ಹರ್ಸ್ಟ್, ಫಿಲಡೆಲ್ಫಿಯದ ಬಳಿಯ ಸ್ವಾರ್ತ್‌ಮೋರ್, ಕ್ಯಾಲಿಫೋರ್ನಿಯದ ಪೊಮೋನ ಇವುಗಳಲ್ಲಿ ಪ್ರಸಿದ್ಧವಾದವು. ಒಂದೊಂದರಲ್ಲಿ ಎರಡು ಸಾವಿರದ ಆಸುಪಾಸಿನಲ್ಲಿ ವಿದ್ಯಾರ್ಥಿಗಳು. ಬಹುತೇಕ ಎಲ್ಲರೂ ಪದವಿ ತರಗತಿಯವರು. ಅರ್ಜಿ ಹಾಕಿದ ನೂರು ಮಂದಿಯಲ್ಲಿ ಹತ್ತು ಮಂದಿಗೂ ಪ್ರವೇಶ ದೊರೆಯುವುದಿಲ್ಲ.

ಇನ್ನು ತೊಂಬತ್ತು ಸಾವಿರ ಡಾಲರಿನ ಮಾತು. ಆ ಅಂಕಿ ಸುಳ್ಳಲ್ಲ, ಆದರೆ ಅದು ಅಂಗಡಿಯ ಹೊರಗೆ ತೂಗುಹಾಕಿದ ಬೆಲೆ. ಮೇಲೆ ಹೆಸರಿಸಿದ ಕಾಲೇಜುಗಳು ತಾವು ಆರಿಸಿಕೊಂಡ ವಿದ್ಯಾರ್ಥಿಯ ಕುಟುಂಬಕ್ಕೆ ಎಷ್ಟು ಕೊಡಲು ಶಕ್ಯವೆಂದು ತಮ್ಮದೇ ಸೂತ್ರದಿಂದ ಲೆಕ್ಕಹಾಕಿ, ಉಳಿದುದನ್ನು ತಾವೇ ತುಂಬಿಕೊಡುತ್ತವೆ. ವಿಲಿಯಮ್ಸ್ ಕಾಲೇಜು 2022ರಲ್ಲಿ ತನ್ನ ಸಹಾಯದಿಂದ ಸಾಲವನ್ನು ಮಾತ್ರವಲ್ಲ, ಕಡ್ಡಾಯ ದುಡಿಮೆಯ ಪಾಲನ್ನೂ ತೆಗೆದುಹಾಕಿ ಎಲ್ಲವನ್ನೂ ಅನುದಾನವನ್ನಾಗಿಸಿತು. ಕುಟುಂಬವೊಂದಕ್ಕೆ ನಿಜವಾಗಿ ತಗಲುವ ವೆಚ್ಚವನ್ನು ಅಂದಾಜಿಸಿ ತೋರಿಸುವ ಸಾಧನವನ್ನು ಪ್ರತಿ ಕಾಲೇಜೂ ತನ್ನ ಜಾಲತಾಣದಲ್ಲಿ ಇಡಬೇಕೆಂದು 2011ರಿಂದ ಅಲ್ಲಿ ಕಾನೂನೇ ಇದೆ.

ಇಲ್ಲಿ ನನ್ನದೊಂದು ಅನುಭವವನ್ನು ಹೇಳಬೇಕು. ನನ್ನ ತಂದೆ ಹಗಲು ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವರು. 1986ರಲ್ಲಿ ನನ್ನ ಹತ್ತನೆಯ ತರಗತಿಯ ಫಲಿತಾಂಶ ಬಂದಾಗ, ಒಗೆದು ಮಡಿಸಿಟ್ಟಿದ್ದ ಅಂಗಿ ತೊಟ್ಟು ನನ್ನನ್ನು ಈ ನಗರದ ಒಳ್ಳೆಯ ಕಾಲೇಜೊಂದಕ್ಕೆ ಕರೆದೊಯ್ದರು. ಕಿಟಕಿಯಾಚೆಯ ಗುಮಾಸ್ತರು ಶುಲ್ಕದ ಮೊತ್ತ ಹೇಳಿದರು. ತಂದೆ ಎರಡನೆಯ ಬಾರಿ ಕೇಳಿ ಖಚಿತಪಡಿಸಿಕೊಂಡು, ಅರ್ಜಿಯನ್ನು ಕೊಳ್ಳದೆಯೇ ನನ್ನ ಕೈಹಿಡಿದು ಹೊರಬಂದರು. ನಾನು ಬೇರೊಂದು ಕಾಲೇಜಿನಲ್ಲಿ ಓದಿದೆ. ಕಡಮೆ ಆದಾಯದವರಿಗೆ ಶುಲ್ಕ ವಿನಾಯಿತಿಯಿದೆ ಎಂದು ಆ ಮೊದಲ ಕಾಲೇಜಿನ ಅರ್ಜಿಯ ಕೊನೆಯ ಪುಟದಲ್ಲಿ ಅಚ್ಚಾಗಿರುತ್ತಿತ್ತೆಂದು ತಿಳಿದದ್ದು ಹಲವು ವರ್ಷಗಳ ಅನಂತರ, ಅಲ್ಲಿ ಓದಿದ ಸಹೋದ್ಯೋಗಿಯೊಬ್ಬರಿಂದ. ಗುಮಾಸ್ತರು ತಪ್ಪು ಹೇಳಿರಲಿಲ್ಲ. ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಮೂರು ದಶಕ ಸರಕಾರಿ ಕಡತಗಳ ನಡುವೆ ಕಳೆದಿರುವ ನನಗೆ, ಸೌಲಭ್ಯವನ್ನು ಸಣ್ಣ ಅಕ್ಷರದಲ್ಲಿ ಇರಿಸುವ ಕಲೆ ಈಗ ಅಪರಿಚಿತವಲ್ಲವೆನ್ನಿ.

ಅಮೆರಿಕದಲ್ಲಿಯೂ ಹೀಗೆ ಅರ್ಜಿ ಕೊಳ್ಳದೆ ಹಿಂದಿರುಗುವವರೇ ಹೆಚ್ಚು. ಕ್ಯಾರೊಲಿನ್ ಹಾಕ್ಸ್‌ಬಿ ಮತ್ತು ಕ್ರಿಸ್ಟೊಫರ್ ಏವರಿ ಎಂಬ ಅರ್ಥಶಾಸ್ತ್ರಜ್ಞರು 2012ರಲ್ಲಿ ತೋರಿಸಿಕೊಟ್ಟಂತೆ, ಅತ್ಯುತ್ತಮ ಅಂಕ ಗಳಿಸಿದ ಬಡ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಆಯ್ದ ಕಾಲೇಜುಗಳಲ್ಲಿ ಒಂದಕ್ಕೂ ಅರ್ಜಿ ಹಾಕುವುದಿಲ್ಲ. ಹಾಗಾದರೆ ಮಾಹಿತಿ ಕೊಟ್ಟರೆ ಸಾಕಲ್ಲವೆ? ತಲೆಗೆ ಆರು ಡಾಲರಿನ ಖರ್ಚಿನಲ್ಲಿ ಮಾಹಿತಿಯ ಲಕೋಟೆಗಳನ್ನು ಕಳುಹಿಸಿದ ಮೊದಲ ಪ್ರಯೋಗ ಫಲ ಕೊಟ್ಟಿತು. ಅದನ್ನೇ ಹೋಲುವ ಲಕೋಟೆಗಳನ್ನು ಮುಂದೆ ಬಹು ದೊಡ್ಡ ಪ್ರಮಾಣದಲ್ಲಿ ಹಂಚಿದಾಗ ಪರಿಣಾಮ ಕಾಣಲಿಲ್ಲ. ಮಿಶಿಗನ್ ವಿಶ್ವವಿದ್ಯಾಲಯ ಬೇರೊಂದು ದಾರಿ ಹಿಡಿಯಿತು. 2015ರಿಂದ ಅದು ತನ್ನ ರಾಜ್ಯದ ಪ್ರತಿಭಾವಂತ ಬಡ ಮಕ್ಕಳಿಗೆ, ಪ್ರವೇಶ ದೊರೆತರೆ ನಾಲ್ಕು ವರ್ಷ ಬೋಧನಾಶುಲ್ಕವಿಲ್ಲವೆಂದು ಮುಂಚಿತವಾಗಿಯೇ ಪತ್ರ ಬರೆಯಿತು. ಪತ್ರ ತಲುಪಿದವರಲ್ಲಿ ಮೂರನೆಯ ಎರಡು ಪಾಲು ಅರ್ಜಿ ಹಾಕಿದರು, ತಲುಪದವರಲ್ಲಿ ಕಾಲುಪಾಲು. ಕೊನೆಗೆ ಸೇರಿದವರ ಪ್ರಮಾಣ ಶೇಕಡ 13ರಿಂದ 27ಕ್ಕೆ ಏರಿತು. ಆ ಮಕ್ಕಳಲ್ಲಿ ಹೆಚ್ಚಿನವರಿಗೆ ಪತ್ರವಿಲ್ಲದಿದ್ದರೂ ಹೆಚ್ಚುಕಡಮೆ ಅಷ್ಟೇ ಸಹಾಯ ದೊರೆಯುತ್ತಿತ್ತು ಎಂಬುದು ಇಲ್ಲಿ ಗಮನಾರ್ಹ. ಹೊಸದಾಗಿ ದೊರೆತದ್ದು ಒಂದು ನಿಶ್ಚಿತವಾದ ಮಾತು ಮಾತ್ರ. ನನ್ನ ತಂದೆಗೆ ಅಂದು ಬೇಕಾಗಿದ್ದುದೂ ಅದೇ.

ಅರ್ಜಿ ಹಾಕಿದ ಮೇಲೂ ದಾರಿ ಸಮತಟ್ಟಲ್ಲ. ಪ್ರವೇಶದಲ್ಲಿ ಯಾವ ಅಂಶಕ್ಕೆ ಎಷ್ಟು ಬೆಲೆ ಎಂದು ಕಾಲೇಜುಗಳು ಪ್ರತಿವರ್ಷ ಪ್ರಕಟಿಸುವ ಪಟ್ಟಿಯಲ್ಲಿ ‘ಮೊದಲ ತಲೆಮಾರು’ ಎಂಬ ಸಾಲೊಂದಿದೆ. ‘ಹಳೆಯ ವಿದ್ಯಾರ್ಥಿಯ ಸಂಬಂಧ’ ಎಂಬ ಸಾಲೂ ಅದೇ ಪಟ್ಟಿಯಲ್ಲಿದೆ! ಈ ಎರಡನೆಯ ಸಾಲಿಗೆ ಕೊಡುತ್ತಿದ್ದ ಪ್ರಾಶಸ್ತ್ಯವನ್ನು ಆಮ್‌ಹರ್ಸ್ಟ್ 2021ರಲ್ಲಿಯೂ ವೆಸ್ಲಿಯನ್ 2023ರಲ್ಲಿಯೂ ಕೈಬಿಟ್ಟವು. ಆದರೆ ಕ್ರೀಡಾಪಟುಗಳ ಪಾಲು ಹಾಗೆಯೇ ಉಳಿದಿದೆ. ವಿದ್ಯಾರ್ಥಿಗಳ ಸಂಖ್ಯೆ ಚಿಕ್ಕದು, ಆಡಿಸಬೇಕಾದ ತಂಡಗಳು ಹಲವು. ಆದಕಾರಣ ಆಮ್‌ಹರ್ಸ್ಟಿನಂತಹ ಕಡೆ ಸುಮಾರು ಮೂರನೆಯ ಒಂದು ಪಾಲು ವಿದ್ಯಾರ್ಥಿಗಳು ಕಾಲೇಜು ತಂಡಗಳ ಆಟಗಾರರು. ಸ್ಕ್ವಾಷ್, ದೋಣಿ ಹುಟ್ಟುಹಾಕುವ ಸ್ಪರ್ಧೆ ಮೊದಲಾದವು ಅಲ್ಲಿನ ಆಟಗಳು. ಹೋಟೆಲ್ ಕಾರ್ಮಿಕರ ಮಗಳು ಸ್ಕ್ವಾಷ್ ಅಂಗಣವನ್ನು ಎಲ್ಲಿ ಕಂಡಾಳು? ಮೇಲಾಗಿ ಬೇಗನೆ ಅರ್ಜಿ ಹಾಕಿ, ಕರೆದರೆ ಬಂದೇ ಬರುವೆನೆಂದು ಬರೆದುಕೊಡುವ ಪದ್ಧತಿಯುಂಟು. ಬೇರೆ ಕಾಲೇಜಿನ ಸಹಾಯದೊಡನೆ ಹೋಲಿಸಿ ನೋಡಬೇಕಾದ ಮನೆಯವರು ಅದಕ್ಕೆ ಹಿಂಜರಿಯುತ್ತಾರೆ.

ವಿದೇಶಿ ವಿದ್ಯಾರ್ಥಿಗೆ ಇನ್ನೂ ಒಂದು ತೊಡಕು. ಹೆಚ್ಚಿನ ಕಾಲೇಜುಗಳು ಹೊರದೇಶದವರ ವಿಷಯದಲ್ಲಿ, ಸಹಾಯ ಕೇಳಿದ್ದಾರೆಯೆ ಎಂಬುದನ್ನು ಪ್ರವೇಶದ ನಿರ್ಧಾರದಲ್ಲಿಯೇ ಗಣಿಸುತ್ತವೆ. ಆಮ್‌ಹರ್ಸ್ಟ್, 2022ರಿಂದ ಬೋಡನ್, ಹೀಗೆ ಕೆಲವು ಮಾತ್ರ ಗಣಿಸುವುದಿಲ್ಲ. ಅಂತಹ ಕಡೆ ಪೈಪೋಟಿ ಹೇಗಿರಬಹುದೆಂದು ತಾವೇ ಊಹಿಸಬಹುದು.

ಒಳಗೆ ಹೋದವರ ಕಥೆಯನ್ನು ಆಂಟನಿ ಜ್ಯಾಕ್ ಎಂಬ ಸಮಾಜಶಾಸ್ತ್ರಜ್ಞರು ‘ದಿ ಪ್ರಿವಿಲೆಜ್ಡ್ ಪೂರ್’ ಎಂಬ 2019ರ ಪುಸ್ತಕದಲ್ಲಿ ಬರೆದಿದ್ದಾರೆ. ಅವರೇ ಮೊದಲ ತಲೆಮಾರಿನವರು, ಆಮ್‌ಹರ್ಸ್ಟಿನ ಪದವೀಧರರು. ವಿದ್ಯಾರ್ಥಿವೇತನದಿಂದ ಶ್ರೀಮಂತರ ಶಾಲೆಗಳಲ್ಲಿ ಮೊದಲೇ ಓದಿ ಬಂದ ಬಡ ಮಕ್ಕಳು ಪ್ರಾಧ್ಯಾಪಕರ ಕೋಣೆಗೆ ಸಲೀಸಾಗಿ ಹೋಗುತ್ತಾರೆ. ಕೇರಿಯ ಶಾಲೆಯಿಂದ ನೇರವಾಗಿ ಬಂದವರು ಹೋಗುವುದಿಲ್ಲ. ಪ್ರಾಧ್ಯಾಪಕರು ಭೇಟಿಯ ವೇಳೆಯನ್ನು ಹೇಳುತ್ತಾರೆ, ಭೇಟಿ ಏತಕ್ಕೆಂದು ಹೇಳುವುದಿಲ್ಲ. ವಸಂತದ ರಜೆಯಲ್ಲಿ ಭೋಜನಶಾಲೆ ಮುಚ್ಚಿದಾಗ ಊರಿಗೆ ಹೋಗಲು ಹಣವಿಲ್ಲದವರು ಹಸಿದಿದ್ದುದನ್ನೂ ಅವರು ದಾಖಲಿಸಿದ್ದಾರೆ. ಅನ್ನದ ವ್ಯಾಪಾರದಿಂದ ಬದುಕು ಕಟ್ಟಿಕೊಂಡ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟನ್ನೂ ಆ ತಂದೆಮಗಳ ಮುಂದಿಟ್ಟೆ. ಅವಕಾಶ ಅತ್ಯಲ್ಪವೆಂದು ಮುಚ್ಚುಮರೆಯಿಲ್ಲದೆ ಹೇಳಿದೆ. ಮುಂಬಯಿಯ ಕಾಲೇಜುಗಳಿಗೂ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯಕ್ಕೂ ಅರ್ಜಿ ಹಾಕತಕ್ಕದ್ದೆಂದೂ ಹೇಳಿದೆ. ಹುಡುಗಿ ಒಪ್ಪಿದಳು. ತಂದೆ ಮಾತ್ರ ಬಹಳ ಹೊತ್ತು ಸುಮ್ಮನಿದ್ದು, “ಸಂಬಳ ಕೈಗೆ ಬರುವುದು ಸಾರ್, ಚೀಟಿ ಗೀಟಿ ಇಲ್ಲ. ಆದಾಯ ಎಂತ ತೋರಿಸುವುದು?” ಎಂದರು. ಮೂರು ಭಾನುವಾರ ಕುಳಿತೆವು. ಹೋಟೆಲ್ ಮಾಲೀಕರ ಪತ್ರ, ಬ್ಯಾಂಕಿನ ಪಾಸ್‌ಬುಕ್, ಪಡಿತರ ಚೀಟಿ ಎಲ್ಲವನ್ನೂ ಜೋಡಿಸಿದೆವು. ಅರ್ಜಿಯೊಡನೆ ಕಳುಹಿಸುವ ಪ್ರಬಂಧವನ್ನು ಅವಳು ಮೊದಲು ಭಾರತೀಯ ಸಂಸ್ಕೃತಿಯ ಮೇಲೆ ಬರೆದು ತಂದಿದ್ದಳು. ಎರಡನೆಯ ಸಲ, ತಂದೆ ದಿನದ ಖರ್ಚನ್ನು ಕನ್ನಡ ಅಂಕಿಗಳಲ್ಲಿ ಬರೆದಿಡುವ ಪುಸ್ತಕವನ್ನು ಕುರಿತು ಬರೆದಳು. ಅದರಲ್ಲಿ ಒಂದು ಅಕ್ಷರವನ್ನೂ ನಾನು ತಿದ್ದಲಿಲ್ಲ.

ಫಲಿತಾಂಶ ಬರುವುದು ಮಾರ್ಚ್ ಕೊನೆಗೆ. ಈ ನಡುವೆ ಸಂಘದ ಗ್ರಂಥಾಲಯದ ಕೋಣೆಯನ್ನು ಭಾನುವಾರ ಬೆಳಗ್ಗೆ ಎರಡು ಗಂಟೆಯ ಕಾಲ ಬಿಟ್ಟುಕೊಡಲು ಅಧ್ಯಕ್ಷರು ಒಪ್ಪಿದ್ದಾರೆ. ನಾನು ಅಲ್ಲಿರುತ್ತೇನೆ. ಅರ್ಜಿ ಅಮೆರಿಕದ್ದೇ ಆಗಬೇಕೆಂದಿಲ್ಲ, ಯಾವ ಕಾಲೇಜಿನದ್ದಾದರೂ ಆದೀತು. ಮಕ್ಕಳೊಡನೆ ತಂದೆಯೋ ತಾಯಿಯೋ ಒಬ್ಬರು ಬರಬೇಕು; ಆದಾಯದ ಕಾಗದಗಳು ಏನಿದ್ದರೂ ತನ್ನಿ.