ನಲ್ಲಿಯ ನೀರು, ಸೂರಿನ ನೀರು

(ಬೆಂಗಳೂರಿನ ತ್ಯಾಗರಾಜನಗರದಲ್ಲಿ ಗಿರಣಿ ಕೆಲಸಗಾರರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಲ್ಲಿಯ ನೀರಿಗೂ ಮಳೆಯ ನೀರಿಗೂ ಏನು ವ್ಯತ್ಯಾಸವೆಂದು ಕೇಳಿದರೆ, ಒಂದಕ್ಕೆ ಬಿಲ್ಲು ಬರುತ್ತದೆ, ಇನ್ನೊಂದಕ್ಕೆ ಬರುವುದಿಲ್ಲ ಎಂದು ನಿಮ್ಮಲ್ಲಿ ಯಾರಾದರೂ ಹೇಳಬಹುದು. ಅದೂ ಸುಳ್ಳಲ್ಲ. ಆದರೆ ನಲ್ಲಿಯ ನೀರೂ ಮೂಲದಲ್ಲಿ ಮಳೆಯ ನೀರೇ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1890ರ ದಶಕದಲ್ಲಿ, ಹೆಸರಘಟ್ಟದ ಕೆರೆಯಿಂದ ಈ ಊರಿಗೆ ಕೊಳವೆ ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಸೇರಿತು. ಎರಡೂ ಅರ್ಕಾವತಿಯ ಮಳೆ. 1974ರಿಂದ ಕುಡಿಯುತ್ತಿರುವುದು ಕೊಡಗಿನ ಮಳೆ, ಕಾವೇರಿಯ ಹೆಸರಿನಲ್ಲಿ. ಅದು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪಿನ ಬಲದಿಂದ ಏರಿ ಬರುತ್ತದೆ. ಪಂಪಿನಲ್ಲಿ ಒಂದಿಷ್ಟೂ ಪೋಲಾಗದೆ ಇದ್ದರೂ ಸಾವಿರ ಲೀಟರಿಗೆ ಒಂದೂಕಾಲು ಯೂನಿಟ್ಟಿಗೆ ಮೇಲ್ಪಟ್ಟು ವಿದ್ಯುತ್ತು ಬೇಕು. ನಮ್ಮ ಸೂರಿನ ಮೇಲೆ ಬೀಳುವ ನೀರನ್ನಾದರೋ ಸೂರ್ಯನೇ ಕೂಲಿಯಿಲ್ಲದೆ ಎತ್ತಿರುತ್ತಾನೆ.

ಇನ್ನು ಗುಣದ ಮಾತು. ಆವಿಯಾಗಿ ಏರುವಾಗ ನೀರು ತನ್ನ ಉಪ್ಪನ್ನೂ ಸುಣ್ಣವನ್ನೂ ಕೆಳಗೇ ಬಿಟ್ಟು ಹೋಗುತ್ತದೆ. ಆದ್ದರಿಂದ ಮಳೆನೀರು ಮೆದು. ನೆಲಕ್ಕಿಳಿದು ಕಲ್ಲಿನ ಸಂದಿಯಲ್ಲಿ ಬಹುಕಾಲ ನಿಂತರೆ ಅದೇ ನೀರು ಗಡಸಾಗುತ್ತದೆ. ಕಾವೇರಿ ನೀರು ಸಾಲದೆ ಬೋರ್‌ವೆಲ್ ನೀರನ್ನು ತೊಟ್ಟಿಗೆ ಬೆರೆಸಿದ ವಠಾರಗಳಲ್ಲಿ ಇದರ ಫಲ ಕಾಣುತ್ತದೆ. ಬಾಯ್ಲರ್ ನೋಡಿಕೊಂಡವರಿಗೆ ನಾನು ಹೇಳಬೇಕಾಗಿಲ್ಲ. ಒಳಗೆ ಸುಣ್ಣದ ಪದರ ಕಟ್ಟಿದರೆ ಬೆಂಕಿಯ ಕಾವು ನೀರಿಗೆ ತಲುಪದು, ಸೌದೆ ಕಲ್ಲಿದ್ದಲು ಹೆಚ್ಚು ಉರಿಯುತ್ತದೆ. ಹೋಟೆಲಿನವರ ಕೆಟಲ್ಲಿನೊಳಗಿನ ಬಿಳಿ ಹಕ್ಕಳೆಯೂ ಅದೇ. ಸಾಬೂನಿನ ಕಥೆ ಇನ್ನೂ ಕೆಟ್ಟದ್ದು: ಗಡಸು ನೀರಿನ ಸುಣ್ಣ ಮೊದಲು ಸಾಬೂನನ್ನು ತಿಂದು ಜಿಡ್ಡು ಮಾಡುತ್ತದೆ, ಉಳಿದದ್ದು ಮಾತ್ರ ನೊರೆಯಾಗಿ ಬಟ್ಟೆಯ ಕೊಳೆಗೆ ಹೋಗುತ್ತದೆ. ಬಿಲ್ಲಿನಲ್ಲಿ ಕಾಣದ ಈ ತೆರಿಗೆಯನ್ನು ಮನೆಯ ಹೆಂಗಸರು ತಿಂಗಳು ತಿಂಗಳೂ ತೆರುತ್ತಾರೆ. ಬಟ್ಟೆಗೆ, ಪಾತ್ರೆಗೆ, ಬೇಳೆ ಬೇಯಿಸುವುದಕ್ಕೆ ಮಳೆನೀರನ್ನು ಮೀರಿಸಿದ್ದಿಲ್ಲ.

ಹಾಗೆಂದು ಮಳೆನೀರು ಅಮೃತವೆಂದು ಹೊಗಳುವವರ ಮಾತನ್ನು ನಂಬಬೇಡಿ. ಬೀಳುವಾಗಲೇ ಅದು ಗಾಳಿಯ ಇಂಗಾಲಾಮ್ಲ ಅನಿಲವನ್ನು ಹೀರಿ ಸ್ವಲ್ಪ ಹುಳಿಯಾಗುತ್ತದೆ. ತಗಡನ್ನೂ ಸೀಸವನ್ನೂ ಮೆಲ್ಲಗೆ ಕರಗಿಸುವ ಶಕ್ತಿ ಅದಕ್ಕಿದೆ. ಸೂರಿನ ಮೇಲೆ ಧೂಳು, ಹೊಗೆಯ ಮಸಿ, ಕಾಗೆ ಪಾರಿವಾಳಗಳ ಹಿಕ್ಕೆ. ಮೊದಲ ಮಳೆಯನ್ನು ಹರಿಯಬಿಟ್ಟು ಆಮೇಲೆ ಹಿಡಿಯಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಮಳೆನೀರಿಗೆ ಕಾವಲಿಲ್ಲ. ನಲ್ಲಿಯ ನೀರನ್ನು ಪಟಿಕ ಹಾಕಿ ತಿಳಿಗೊಳಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಬೆರೆಸುತ್ತಾರೆ. ಲೀಟರಿಗೆ 0.2 ಮಿಲಿಗ್ರಾಮಿನಷ್ಟಾದರೂ ಕ್ಲೋರಿನ್ ಮನೆಯವರೆಗೂ ಉಳಿದಿರಬೇಕೆಂಬುದು ಸರ್ಕಾರಿ ಮಾನದಂಡ. ಕೆಲವರು ಮೂಗು ಮುರಿಯುವ ಆ ವಾಸನೆಯೇ ಕಾಲರಾ, ವಿಷಮಶೀತಜ್ವರಗಳನ್ನು ತಡೆಯುವ ಪಹರೆ. ಕುಡಿಯುವುದಕ್ಕೆ ಮಳೆನೀರೇ ಆಗಬೇಕಾದರೆ ಸೋಸಿ ಕಾಯಿಸಿ ಕುಡಿಯಿರಿ. ಡ್ರಮ್ಮಿಗೆ ಮುಚ್ಚಳವಿರಲಿ. ತೆರೆದಿಟ್ಟರೆ ಡೆಂಗ್ಯೂ ಸೊಳ್ಳೆಯನ್ನು ಸಾಕಿದಂತೆಯೇ.

ನಲ್ಲಿಗೂ ಒಂದು ಕುಂದುಂಟು. ದಿನ ಬಿಟ್ಟು ದಿನ ನೀರು ಬಿಟ್ಟರೆ, ಖಾಲಿ ಕೊಳವೆಯು ಬಿರುಕಿನ ಮೂಲಕ ಪಕ್ಕದ ಚರಂಡಿಯನ್ನು ಒಳಕ್ಕೆಳೆಯುತ್ತದೆ. ಬಣ್ಣವೋ ವಾಸನೆಯೋ ಬಂದರೆ ದೂರು ಕೊಡಿ. ಉತ್ತರ ಕೊಡಬೇಕಾದವರೊಬ್ಬರು ಇದ್ದಾರೆನ್ನುವುದೇ ನಲ್ಲಿಯ ಹೆಚ್ಚುಗಾರಿಕೆ. ಮೋಡಕ್ಕೆ ದೂರು ಕೊಡಲಾದೀತೆ?

ಈಗ ಲೆಕ್ಕ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರಿನಷ್ಟು ಮಳೆ. ಹತ್ತಡಿ ಇಪ್ಪತ್ತಡಿಯ ಸಣ್ಣ ಮನೆಯ ಸೂರಿನ ಮೇಲೂ ವರ್ಷಕ್ಕೆ 18,000 ಲೀಟರ್! ಇದರಲ್ಲಿ ಐದನೆಯ ಒಂದು ಪಾಲು ಪೋಲಾದರೂ ಬಟ್ಟೆ ಒಗೆಯಲು ಎಷ್ಟು ಕೊಡ ಆಯಿತು, ನೀವೇ ಎಣಿಸಿ. ಈಗ ಅದು ಚರಂಡಿಗಿಳಿದು, ಬಸವನಗುಡಿಯ ಕಡೆಯದು ವೃಷಭಾವತಿಯ ಕೊಚ್ಚೆ ಸೇರಿ, ಅರ್ಕಾವತಿಯ ಮೂಲಕ ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ನಾವು ನೀರೆತ್ತುವ ಜಾಗದಿಂದ ಕೆಳಗೆ.

2009ರಲ್ಲಿ ಜಲಮಂಡಳಿಯ ಕಾನೂನಿಗೆ ತಿದ್ದುಪಡಿ ಬಂತು. 60×40 ಅಡಿ ನಿವೇಶನದ ಹಳೆಯ ಮನೆಗಳೂ 30×40 ಅಡಿ ನಿವೇಶನದಲ್ಲಿ ಕಟ್ಟುವ ಹೊಸ ಮನೆಗಳೂ ಮಳೆನೀರು ಹಿಡಿಯಲೇಬೇಕೆಂದಾಯಿತು. ತಪ್ಪಿದವರಿಗೆ ನೀರಿನ ಬಿಲ್ಲಿನಲ್ಲೇ ದಂಡ. ಒಳ್ಳೆಯ ಕಾನೂನು. ಆದರೆ ವಠಾರದಲ್ಲಿ ಸೂರು ಮಾಲೀಕನದು, ಬಿಲ್ಲು ಹಂಚಿಕೊಳ್ಳುವವರು ಬಾಡಿಗೆದಾರರು. ದೋಣಿ ಪೈಪು ಹಾಕಿಸದೆ ದಂಡವನ್ನು ಎಂಟು ಮನೆಗೆ ಹಂಚಿಬಿಟ್ಟರೆ ಮಾಲೀಕನಿಗೇನು ನಷ್ಟ? 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಟ್ಯಾಂಕರಿನವರು ಕೇಳಿದ ದರ ಕೊಟ್ಟವರೂ ಬಾಡಿಗೆದಾರರೇ. ಆದ್ದರಿಂದ ಮುಂದಿನ ಬಾರಿ ಬಿಲ್ಲು ಹಂಚುವಾಗ ಎಂಟು ಮನೆಯವರೂ ಒಟ್ಟಿಗೆ ಹೋಗಿ ಅದನ್ನು ಓದಿ ನೋಡಿ. ದಂಡದ ಬಾಬ್ತು ಇದ್ದರೆ ಅದು ಮಾಲೀಕರದೆಂದು ಹೇಳಿ, ದೋಣಿ ಪೈಪು ಕೇಳಿ. ಅದನ್ನು ಹಾಕುವ ಬಗೆ ತೋರಿಸಲು ಜಲಮಂಡಳಿಯವರು ಇಲ್ಲೇ ಹತ್ತಿರ, ಜಯನಗರದ 5ನೇ ಬ್ಲಾಕಿನಲ್ಲಿ, ಒಂದು ಕೇಂದ್ರವನ್ನೇ ಕಟ್ಟಿಸಿದ್ದಾರೆ. ಮಾಲೀಕರನ್ನೂ ಜೊತೆಗೆ ಕರೆದುಕೊಂಡು ಹೋಗಿ.